ಹೊಳೆ ಕಡೆಯಿಂದ ಓಲ್ಡ್ ಗೋವಾ: ಮುರಕಲ್ಲಿನ ಊರಲ್ಲಿ ರೋಮು, ಫ್ಲಾರೆನ್ಸು

ವಾಸ್ಕೊ, ಝುವಾರಿನಗರ, ಮಾಪುಸಾದ ಕನ್ನಡದ ಮನೆಗಳಿಗೆ ಊರಿಂದ ನೆಂಟರು ಬಂದರೆ ಎರಡನೇ ದಿನಕ್ಕೆ ಓಲ್ಡ್ ಗೋವಾ ಖಾಯಂ. ಗಾಡಿ ಪಾರ್ಕಿಂಗ್‌ನಲ್ಲಿ ನಿಲ್ಲುತ್ತದೆ. ಬೊಂ ಜೇಸು ಬೆಸಿಲಿಕಾದಲ್ಲಿ ಕ್ಯೂ ನಿಂತು ಸಂತ ಝೇವಿಯರರ ದೇಹವಿರುವ ಪೆಟ್ಟಿಗೆ ನೋಡುವುದು, ರಸ್ತೆ ದಾಟಿ ಸೇ ಕ್ಯಾಥೆಡ್ರಲ್ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ, ಒಂದು ಎಳನೀರು, ಆಮೇಲೆ ಮಂಗೇಶಿ ಕಡೆಗೆ ಗಾಡಿ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹೀಗೆ ನೋಡಿದವರ ತಲೆಯಲ್ಲಿ ಉಳಿಯುವುದು ಹುಲ್ಲುಹಾಸಿನ ಮೇಲೆ ಅಲ್ಲೊಂದು ಇಲ್ಲೊಂದು ನಿಂತ ದೊಡ್ಡ ಚರ್ಚುಗಳು ಮಾತ್ರ. ಅವುಗಳ ನಡುವೆ ಒಂದು ಊರಿತ್ತು ಅನ್ನುವುದು ಹೊಳೆಯುವುದೇ ಇಲ್ಲ.

ತಪ್ಪು ನೆಂಟರದ್ದಲ್ಲ, ಪಾರ್ಕಿಂಗ್‌ನದ್ದು. ಈ ಊರಿಗೆ ಜನ ಬರುತ್ತಿದ್ದದ್ದು ಮಾಂಡೋವಿ ಹೊಳೆಯಿಂದ. ಹಡಗಿಳಿದು, ಕಮಾನಿನ ಕೆಳಗೆ ಹಾದು, ನೇರ ಬೀದಿಯಲ್ಲಿ ಮೇಲಕ್ಕೆ ಹತ್ತುತ್ತಿದ್ದರು. ಈಗಲೂ ಅದೇ ದಾರಿಯಲ್ಲಿ ಹತ್ತಿದರೆ ಊರು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಟ್ಟು ನಡಿಗೆ ನಾಲ್ಕೈದು ಕಿಲೋಮೀಟರು, ಅದರಲ್ಲಿ ಏರು ಇರುವುದು ಕೊನೆಯ ತುಂಡಿನಲ್ಲಿ ಮಾತ್ರ. ಮಂಡಿನೋವಿನವರೂ ನಿಧಾನಕ್ಕೆ ಮಾಡಬಹುದು.

ಇಟಲಿಗೆ ಹೋಗಿ ಚರ್ಚು ನೋಡಬೇಕೆಂಬ ಆಸೆ ಇರುವವರಿಗೆ ಇನ್ನೊಂದು ಕಾರಣವೂ ಇದೆ. 'ಪೂರ್ವದ ರೋಮ್' ಎಂಬ ಬಿರುದು ಬರೀ ಹೊಗಳಿಕೆಯದಲ್ಲ. ರೋಮಿನ ಸಂತ ಪೀಟರ್ ಚರ್ಚಿನ ಮಾದರಿಯಲ್ಲಿ ಇಟಲಿಯವರೇ ನಿಂತು ಕಟ್ಟಿಸಿದ ಚರ್ಚು ಇಲ್ಲಿದೆ. ಫ್ಲಾರೆನ್ಸ್‌ನಲ್ಲಿ ಕೆತ್ತಿ, ಹಡಗಿನಲ್ಲಿ ತಂದು ಜೋಡಿಸಿದ ಅಮೃತಶಿಲೆಯ ಗೋರಿಯೂ ಇಲ್ಲಿದೆ. ಎರಡಕ್ಕೂ ಟಿಕೆಟ್ ಇಲ್ಲ, ವೀಸಾ ಅಂತೂ ಬೇಡವೇ ಬೇಡ.

ಮೊದಲು ತಲುಪುವ ವಿಚಾರ, ಏಕೆಂದರೆ ಎಡವುವುದು ಇಲ್ಲೇ. ಗೋವಾದಲ್ಲಿ 'ಗೋವಾ ವೆಲ್ಹಾ' ಎಂಬ ಬೇರೆಯೇ ಊರಿದೆ. ಅದು ಪಣಜಿ–ಮಡಗಾಂವ್ ರಸ್ತೆಯಲ್ಲಿ, ಝುವಾರಿ ಹೊಳೆಯ ಕಡೆಗೆ. ಹೆಸರಿನ ಅರ್ಥವೂ 'ಹಳೆಯ ಗೋವಾ' ಎಂದೇ, ಮ್ಯಾಪಿನಲ್ಲಿ ಹುಡುಕಿದಾಗ ಅದೂ ಮೇಲೆ ಬರುತ್ತದೆ. ನಮ್ಮ ಕದಂಬರ ರೇವುಪಟ್ಟಣ ಗೋಪಕಪಟ್ಟಣ ಇದ್ದದ್ದು ಆ ಭಾಗದಲ್ಲಿ. ನೋಡಬೇಕಾದ ಜಾಗವೇ ಹೌದು, ಆದರೆ ಇವತ್ತಲ್ಲ. ಮಡಗಾಂವ್ ಬಸ್ಸಿನಲ್ಲಿ ಕೂತು "ಓಲ್ಡ್ ಗೋವಾ ಬಂತೇನ್ರೀ?" ಎಂದು ಕೇಳುವವರು ಅಲ್ಲಿ ಇಳಿದು ಪೇಚಾಡುತ್ತಾರೆ. ನಮಗೆ ಬೇಕಾದದ್ದು ಪಣಜಿಯಿಂದ ಪೂರ್ವಕ್ಕೆ ಒಂಬತ್ತು–ಹತ್ತು ಕಿಲೋಮೀಟರು ದೂರದ ಊರು. ಪಣಜಿಯ ಕದಂಬ ಬಸ್‌ಸ್ಟ್ಯಾಂಡಿನಲ್ಲಿ ಫೋಂಡಾ ಕಡೆಗೆ ಹೋಗುವ ಬಸ್ಸು ಹತ್ತಬೇಕು. ಬೆಳಗಾವಿ, ಹುಬ್ಬಳ್ಳಿಯಿಂದ ಫೋಂಡಾ ಮೇಲೆ ಪಣಜಿಗೆ ಬರುವವರು ಪಣಜಿವರೆಗೆ ಹೋಗಬೇಕಾಗಿಯೇ ಇಲ್ಲ, ದಾರಿಯಲ್ಲೇ ಇಳಿಯಬಹುದು. ಮಂಗಳೂರು, ಉಡುಪಿ, ಕಾರವಾರದಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಕರ್ಮಳಿ ಸ್ಟೇಷನ್ ಹತ್ತಿರ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ.

ದಿನ ಆರಿಸುವುದೂ ಮುಖ್ಯ. ಶುಕ್ರವಾರ ಮ್ಯೂಸಿಯಂ ಬಂದ್. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪೂಜೆ, ನೋಡಲು ಬಂದವರು ಕಾಯಬೇಕು. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಆಗ ಭಕ್ತಿಗಾಗಿ ಹೋಗಿ, ಕಟ್ಟಡ ನೋಡಲಿಕ್ಕಲ್ಲ. ಮಂಗಳವಾರ, ಬುಧವಾರ ನೆಮ್ಮದಿ. ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಚಪ್ಪಲಿ. ಮಳೆಗಾಲದಲ್ಲಿ ಮುರಕಲ್ಲಿನ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ನುಣ್ಣನೆಯ ಅಟ್ಟೆಯ ಚಪ್ಪಲಿ ಹಾಕಿಕೊಂಡವರು ಜಾರಿ ಬೀಳುವುದು ಖಚಿತ. ಚರ್ಚಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬೀಚಿನಿಂದ ಚಡ್ಡಿಯಲ್ಲೇ ಬಂದವರನ್ನು ಬಾಗಿಲಲ್ಲಿ ತಡೆದರೆ ಮುನಿಸಿಕೊಳ್ಳಬಾರದು. ಇನ್ನು ಬಾಗಲಕೋಟೆ, ಗದಗ ಕಡೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ: "ಚಪ್ಲಿ ಎಲ್ಲಿ ಬಿಡೋದ್ರೀ?" ಬಿಡಬೇಕಾಗಿಲ್ಲ. ತೆಗೆಯಬೇಕಾದದ್ದು ಗಂಡಸರ ಟೋಪಿ.

ಬೆಳಿಗ್ಗೆ ಎಂಟೂವರೆಗೆ ಹೊಳೆ ದಂಡೆಯಲ್ಲಿರಿ. ಬಸ್ಸಿಳಿದ ತಕ್ಷಣ ಚರ್ಚುಗಳ ಕಡೆ ತಿರುಗದೆ ಉತ್ತರಕ್ಕೆ, ಇಳಿಜಾರಿನಲ್ಲಿ ಫೆರಿ ಧಕ್ಕೆಗೆ ನಡೆಯಿರಿ. ಎದುರಿಗೆ ಕಾಣುವ ಹಸಿರು ದಿವಾಡಿ ದ್ವೀಪ. ಗೋವೆಯ ಕದಂಬರ ಕುಲದೇವರು ಸಪ್ತಕೋಟೀಶ್ವರನ ಗುಡಿ ಇದ್ದದ್ದು ಅಲ್ಲಿ. ಅವರ ಶಾಸನಗಳಲ್ಲಿ 'ಸಪ್ತಕೋಟೀಶ್ವರ ಲಬ್ಧವರಪ್ರಸಾದ' ಎಂಬ ಬಿರುದು ಬರುವುದು ಈ ದೇವರ ಹೆಸರಲ್ಲೇ. ಪೋರ್ಚುಗೀಸರು ಆ ಗುಡಿ ಕೆಡವಿದರು, ದೇವರು ಹೊಳೆಯಾಚೆ ನಾರ್ವೆಗೆ ಹೋಯಿತು, ಅಲ್ಲಿ 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಧಕ್ಕೆಯಲ್ಲಿ ನಿಂತು ಇಷ್ಟು ನೆನಪಿಸಿಕೊಂಡು ಹಿಂದಕ್ಕೆ ತಿರುಗಿದರೆ ಕಮಾನು ಎದುರಿಗೇ ಇರುತ್ತದೆ.

ಇದೇ ವೈಸರಾಯ್ ಕಮಾನು. 1590ರ ದಶಕದ ಕೊನೆಯಲ್ಲಿ ಇದನ್ನು ಕಟ್ಟಿಸಿದ ವೈಸರಾಯ್ ಫ್ರಾನ್ಸಿಸ್ಕೊ ದ ಗಾಮ, ವಾಸ್ಕೊ ದ ಗಾಮನ ಮರಿಮಗ. ಮುತ್ತಜ್ಜ ಬಂದು ನೂರು ವರ್ಷವಾದದ್ದರ ನೆನಪಿಗೆ. ಹೊಳೆಯ ಕಡೆಯ ಗೂಡಿನಲ್ಲಿ ವಾಸ್ಕೊ ನಿಂತಿದ್ದಾನೆ. ಬಹಳ ಜನ ಅಷ್ಟು ನೋಡಿ ಒಳಗೆ ಹೋಗುತ್ತಾರೆ. ಒಳಗೆ ಹೋದ ಮೇಲೆ ಹತ್ತು ಹೆಜ್ಜೆ ನಡೆದು ಹಿಂತಿರುಗಿ ನೋಡಿ. ಊರಿನ ಕಡೆಯ ಮುಖದ ಮೇಲೆ ಒಬ್ಬ ಹೆಂಗಸಿನ ವಿಗ್ರಹ, ಅವಳ ಕಾಲ ಕೆಳಗೆ ಮುಂಡಾಸಿನವನೊಬ್ಬ ಬಿದ್ದಿದ್ದಾನೆ. ಹೆಂಗಸು ಸಂತ ಕ್ಯಾಥರಿನ್, ಬಿದ್ದವನು ವಿಜಯಪುರದ ಆದಿಲ್‌ಶಾಹ ಎಂದು ಹೇಳುತ್ತಾರೆ. 1510ರ ನವೆಂಬರ್ 25ರಂದು, ಸಂತ ಕ್ಯಾಥರಿನ್ನಳ ದಿನ, ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಈ ಊರನ್ನು ಆದಿಲ್‌ಶಾಹಿಯಿಂದ ಕಿತ್ತುಕೊಂಡ ಲೆಕ್ಕವಿದು. ಕಮಾನು ಕುಸಿದು 1954ರಲ್ಲಿ ಮತ್ತೆ ಕಟ್ಟಿದ್ದು, ಹಾಗಾಗಿ ಕಲ್ಲಿನ ಸಂದುಗಳು ಅಷ್ಟು ಹಳೆಯವಾಗಿ ಕಾಣುವುದಿಲ್ಲ. ಫೆರಿ ಇಳಿದ ಬೈಕು, ಕಾರು ಇದರ ಕೆಳಗೇ ಬರುತ್ತವೆ. ಮೇಲೆ ನೋಡುತ್ತ ನಡುಬೀದಿಯಲ್ಲಿ ನಿಲ್ಲಬೇಡಿ.

ಈ ಊರಿಗೆ ಬಂದ ಇಟಲಿಯವನೊಬ್ಬನನ್ನು ಇಲ್ಲಿಂದ ಜೊತೆಗೆ ಕರೆದುಕೊಳ್ಳೋಣ. ಪಿಯೆತ್ರೊ ದೆಲ್ಲ ವಾಲೆ, ರೋಮಿನವನು. 1623ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಬಂದ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಾನಿಯ ಶವವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ, ಕೊನೆಗೆ ರೋಮಿಗೆ ಒಯ್ದು ಮಣ್ಣು ಮಾಡಿದ. ನಮಗೆ ಅವನು ಗೊತ್ತಿರಬೇಕಾದದ್ದು ಬೇರೆ ಕಾರಣಕ್ಕೆ. ಅದೇ ವರ್ಷ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವಾದಿಂದ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ ಬರೆದವನು, ಉಳ್ಳಾಲದ ರಾಣಿಯನ್ನು ಕಂಡವನು ಇವನೇ. ಅವನ ಕಾಲಕ್ಕೆ ಕಮಾನಿಗೆ ಕಾಲು ಶತಮಾನ ಆಗಿತ್ತಷ್ಟೆ. ಮುಂದೆ ಒಂದೊಂದು ಕಟ್ಟಡದ ಎದುರೂ 'ಪಿಯೆತ್ರೊ ನೋಡಿದಾಗ ಇದು ಇತ್ತೇ?' ಎಂದು ಕೇಳಿಕೊಂಡರೆ ಇಸವಿಗಳು ಬಾಯಿಪಾಠ ಮಾಡದೆಯೂ ನೆನಪಿರುತ್ತವೆ.

ಕಮಾನು ದಾಟಿ ಸ್ವಲ್ಪ ನಡೆದರೆ ಎಡಕ್ಕೆ ಸಂತ ಕಜೆಟನ್ ಚರ್ಚು. ಪಿಯೆತ್ರೊ ಇದನ್ನು ನೋಡಲಿಲ್ಲ. ಪೋಪ್ ಎಂಟನೇ ಅರ್ಬನ್ ಗೋಲ್ಕೊಂಡಕ್ಕೆಂದು ಕಳಿಸಿದ ಥಿಯಟೈನ್ ಪಂಥದ ಇಟಾಲಿಯನ್ ಪಾದ್ರಿಗಳಿಗೆ ಅಲ್ಲಿ ನೆಲೆಯೂರಲು ಬಿಡಲಿಲ್ಲ. ಅವರು 1640ರಲ್ಲಿ ಗೋವಾದಲ್ಲಿ ತಳವೂರಿದರು. ಚರ್ಚು ಎದ್ದದ್ದು 1655ರಿಂದ 1661ರ ನಡುವೆ. ಮಾದರಿ ರೋಮಿನ ಸಂತ ಪೀಟರ್ ಬೆಸಿಲಿಕಾ, ಅಳತೆ ಮಾತ್ರ ಎಷ್ಟೋ ಪಾಲು ಚಿಕ್ಕದು. ತುದಿಯಲ್ಲಿ ಎಲೆಗಳ ಕೆತ್ತನೆಯಿರುವ ಎತ್ತರದ ಕೊರಿಂಥಿಯನ್ ಕಂಬಗಳ ಮುಂಭಾಗ, ಎರಡು ಕಡೆ ಗಿಡ್ಡ ಗೋಪುರ, ಹಿಂದೆ ಗುಮ್ಮಟ. ಎದುರಿಗೆ ತೀರಾ ಹತ್ತಿರ ನಿಂತರೆ ಗುಮ್ಮಟ ಮುಂಭಾಗದ ಹಿಂದೆ ಅಡಗಿಬಿಡುತ್ತದೆ. ತಮಾಷೆಯೆಂದರೆ ರೋಮಿನ ಮೂಲ ಚರ್ಚಿನ ಮೇಲಿರುವ ದೂರೂ ಇದೇ. ಬೀದಿಯವರೆಗೆ ಹಿಂದಕ್ಕೆ ಬಂದು ನೋಡಿ.

ಒಳಗೆ ಹೋಗಿ ಗುಮ್ಮಟದ ಕೆಳಗೆ ನಿಲ್ಲಿ. ನಾಲ್ಕು ದಪ್ಪ ಕಂಬಗಳು ಭಾರ ಹೊತ್ತಿವೆ. ಚೌಕದ ಮೇಲೆ ದುಂಡು ಕೂರಿಸುವುದು ಗುಮ್ಮಟ ಕಟ್ಟುವವನ ಹಳೆಯ ತಲೆನೋವು. ಇಲ್ಲಿ ಮೂಲೆಗಳಲ್ಲಿ ಬಾಗಿದ ತ್ರಿಕೋನಗಳನ್ನು ತುಂಬಿ ಅದನ್ನು ದಾಟಿದ್ದಾರೆ. ಗೋಳಗುಮ್ಮಟ ನೋಡಿದವರು ಅಲ್ಲಿ ಒಂದನ್ನೊಂದು ಹಾಯುವ ಕಮಾನುಗಳು ಅದೇ ಕೆಲಸ ಮಾಡಿದ್ದನ್ನು ನೆನಪಿಸಿಕೊಳ್ಳಿ. ಗೋಳಗುಮ್ಮಟ ಮುಗಿದದ್ದು 1656ರಲ್ಲಿ, ಹೊರವ್ಯಾಸ ಸುಮಾರು 44 ಮೀಟರು. ಎಂದರೆ ಗೋವಾ ಕಳೆದುಕೊಂಡ ದೊರೆಗಳ ರಾಜಧಾನಿಯಲ್ಲೂ, ಗೋವಾ ಗೆದ್ದವರ ರಾಜಧಾನಿಯಲ್ಲೂ ಒಂದೇ ದಶಕದಲ್ಲಿ ಗುಮ್ಮಟ ಏಳುತ್ತಿತ್ತು. ಗಾತ್ರದಲ್ಲಿ ವಿಜಯಪುರಕ್ಕೆ ಇದು ಸಾಟಿಯೇ ಅಲ್ಲ ಎನ್ನಲು ಸಂಕೋಚ ಬೇಡ. ಗುಮ್ಮಟದ ನೇರ ಕೆಳಗೆ ನೆಲದಲ್ಲಿ ಒಂದು ಬಾವಿ ಇದೆ, ಮೇಲೆ ಮುಚ್ಚಿದ್ದಾರೆ. ಯಾರೂ ತೋರಿಸುವುದಿಲ್ಲ, ನೀವೇ ಕೇಳಬೇಕು.

ಹೊರಗೆ ಬಂದು ಚರ್ಚಿನ ಮುಂದಿನ ತೋಟದಲ್ಲಿ ಒಂಟಿಯಾಗಿ ನಿಂತ ಕರಿಕಲ್ಲಿನ ಬಾಗಿಲವಾಡ ನೋಡಿ. ಆದಿಲ್‌ಶಾಹನ ಅರಮನೆಯಲ್ಲಿ ಉಳಿದದ್ದು ಇಷ್ಟೇ. ಪೋರ್ಚುಗೀಸ್ ಗವರ್ನರುಗಳು 1554ರಿಂದ 1695ರವರೆಗೆ ಆ ಅರಮನೆಯಲ್ಲೇ ಇದ್ದರು, 1820ರಲ್ಲಿ ಕೆಡವಿದರು. ಕಂಬದ ಕಡೆತ ನೋಡಿದರೆ ನಮ್ಮ ಕಡೆಯ ಯಾವುದೋ ದೇವಸ್ಥಾನದ್ದೇ ಅನ್ನಿಸುತ್ತದೆ. ಗುಡಿಯಿಂದ ಅರಮನೆಗೆ ಬಂದಿರಬೇಕು.

ಸೇ ಕ್ಯಾಥೆಡ್ರಲ್‌ಗೆ ಹತ್ತು ಗಂಟೆಯೊಳಗೆ ತಲುಪಿ. ಅದರ ಮುಖ ಪೂರ್ವಕ್ಕೆ. ಮಧ್ಯಾಹ್ನ ದಾಟಿದರೆ ಇಡೀ ಮುಂಭಾಗ ನೆರಳು, ಫೋಟೊದಲ್ಲಿ ಬೂದಿ ಬಣ್ಣ. 1562ರಲ್ಲಿ ಶುರುವಾಗಿ 1619ರಲ್ಲಿ ಕಟ್ಟಡ ಮುಗಿಯಿತು, ಉದ್ದ 76 ಮೀಟರು. ಪಿಯೆತ್ರೊ ಇದನ್ನು ಹೊಸದಾಗಿ ನೋಡಿದ. ಅವನು ನೋಡಿದ್ದು ಎರಡು ಗೋಪುರ, ನಾವು ನೋಡುವುದು ಒಂದು. ಬಲಗಡೆಯದು 1776ರಲ್ಲಿ ಬಿತ್ತು. ಅದನ್ನು ಮತ್ತೆ ಕಟ್ಟಲಿಲ್ಲ, ಆ ಹೊತ್ತಿಗೆ ಊರಲ್ಲಿ ಜನವೇ ಉಳಿದಿರಲಿಲ್ಲ. ಉಳಿದ ಗೋಪುರದಲ್ಲಿ 'ಬಂಗಾರದ ಗಂಟೆ' ಇದೆ, ಬಂಗಾರದ್ದಲ್ಲ, ನಾದಕ್ಕೆ ಕೊಟ್ಟ ಹೆಸರು. ಒಳಗೆ ಅರ್ಧ ಗಂಟೆ ಸಾಕು.

ಇದರ ಬೆನ್ನಿಗೆ ಬೆನ್ನು ಹಚ್ಚಿದಂತೆ ಪಶ್ಚಿಮಕ್ಕೆ ಮುಖ ಮಾಡಿರುವುದು ಅಸ್ಸಿಸಿಯ ಸಂತ ಫ್ರಾನ್ಸಿಸ್ ಚರ್ಚು. ಈಗಿನದು 1661ರದ್ದು, ಆದರೆ ಹಳೆಯ ಚರ್ಚಿನ ಬಾಗಿಲನ್ನು ಹಾಗೇ ಉಳಿಸಿಕೊಂಡಿದ್ದಾರೆ: ಬಿಳಿ ಗೋಡೆಯ ನಡುವೆ ಕಪ್ಪು ಕಲ್ಲಿನ ಕೆತ್ತನೆ. ಒಳಗೆ ನೆಲವೆಲ್ಲ ಸಮಾಧಿ ಚಪ್ಪಡಿ, ಮೇಲೆ ಮನೆತನದ ಲಾಂಛನಗಳು. ಪಕ್ಕದ ಮಠದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ. ಮೇಲಿನ ವೈಸರಾಯ್‌ಗಳ ಭಾವಚಿತ್ರಗಳ ಸಾಲು ಹತ್ತು ಮುಖ ನೋಡುವಷ್ಟರಲ್ಲಿ ಬೇಸರ ತರಿಸುತ್ತದೆ. ಕೆಳಗಿನ ಕದಂಬರ ಕಾಲದ ವೀರಗಲ್ಲುಗಳ ಎದುರು ನಿಲ್ಲಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ, ಹೀಗೆ ಓದುವ ಕ್ರಮ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಬೇರೆ ಪ್ರವಾಸಿಗರು ಅವನ್ನು ದಾಟಿಕೊಂಡು ಅಲ್ಬುಕರ್ಕ್‌ನ ಕಂಚಿನ ವಿಗ್ರಹದ ಕಡೆ ಹೋಗುತ್ತಿರುತ್ತಾರೆ.

ಹನ್ನೆರಡೂವರೆಗೆ ಊಟ. ಬಸ್‌ಸ್ಟಾಪಿನ ಸುತ್ತ ಸಣ್ಣ ಹೋಟೆಲುಗಳಿವೆ. ಮೀನು ತಿನ್ನುವವರಿಗೆ ಥಾಳಿ, ತಿನ್ನದವರಿಗೆ ಭಾಜಿ-ಪಾವ್. ಒಂದರಿಂದ ಮೂರರವರೆಗೆ ಬಿಸಿಲಲ್ಲಿ ತಿರುಗಬೇಡಿ, ಮರದ ಕೆಳಗೆ ಕೂತಿರಿ. ಶೌಚಕ್ಕೆ ಹೋಗುವುದನ್ನೂ ಇಲ್ಲೇ ಮುಗಿಸಿಕೊಳ್ಳಿ, ಮೇಲೆ ಗುಡ್ಡದಲ್ಲಿ ಹುಡುಕಾಡುವುದು ಕಷ್ಟ.

ಕೂತ ಹೊತ್ತಿನಲ್ಲಿ ಊರು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಬರೋಣ. ಉತ್ತರ ಕಾಲ ಕೆಳಗಿದೆ. ಕರಾವಳಿಯಲ್ಲಿ ಮುರಕಲ್ಲು, ಮಲೆನಾಡಿನಲ್ಲಿ ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲು ಇಲ್ಲಿನ ನೆಲವೆಲ್ಲ. ಜೇನುಹಲ್ಲೆಯ ಹಾಗೆ ತೂತು ತೂತು, ನೀರನ್ನು ಸ್ಪಂಜಿನಂತೆ ಹೀರುತ್ತದೆ. ಇಂಥ ನೆಲದಲ್ಲಿ ಕೊಳಚೆ ಗುಂಡಿಯ ನೀರು ಬಾವಿಗೆ ಇಳಿಯಲು ಎಷ್ಟು ಹೊತ್ತು? ಕಾಲರಾ, ಮಲೇರಿಯಾ ಅಲೆ ಅಲೆಯಾಗಿ ಬಂದವು. 1759ರಲ್ಲಿ ವೈಸರಾಯ್ ಪಣಜಿ ಕಡೆಯ ಪಣೇಲಿಗೆ ಮನೆ ಬದಲಿಸಿದ, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಇಲ್ಲಿನ ಮನೆಗಳನ್ನು ಬಿಚ್ಚಿ ಕಲ್ಲುಗಳನ್ನು ಅಲ್ಲಿಗೆ ಸಾಗಿಸಿದರು. ಚರ್ಚುಗಳ ನಡುವೆ ಇಷ್ಟೊಂದು ಹುಲ್ಲುಹಾಸು ಉಳಿದದ್ದು ಹಾಗೆ.

ಮೂರಕ್ಕೆ ಬೊಂ ಜೇಸು. ಟೂರಿಸ್ಟ್ ಬಸ್ಸುಗಳ ನುಗ್ಗಾಟ ಬೆಳಿಗ್ಗೆಯೇ ಮುಗಿದಿರುತ್ತದೆ, ಪಶ್ಚಿಮಕ್ಕಿರುವ ಮುಂಭಾಗಕ್ಕೆ ಬಿಸಿಲು ಈಗ ಬೀಳುತ್ತದೆ. 1594ರಲ್ಲಿ ಶುರು, 1605ರಲ್ಲಿ ಪ್ರತಿಷ್ಠೆ. ಉಳಿದ ಚರ್ಚುಗಳೆಲ್ಲ ಬಿಳಿ, ಇದೊಂದೇ ಕೆಂಪು. ಮೊದಲಿನಿಂದ ಹೀಗೆ ಅಂದುಕೊಳ್ಳಬೇಡಿ. ಇದಕ್ಕೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಹಳೆಯ ಕಟ್ಟಡ ಹಳೆಯದಾಗಿ ಕಾಣಲಿ ಎಂದು ಕೆತ್ತಿ ತೆಗೆದರು. ಗಾರೆ ಮುರಕಲ್ಲಿಗೆ ಅಲಂಕಾರವಲ್ಲ, ಕೊಡೆ. ಮಳೆನೀರು ಗಾರೆಯ ಮೇಲೆ ಜಾರಿ ಹೋಗುತ್ತದೆ, ಗಾರೆ ಸವೆದರೆ ಮತ್ತೆ ಹಚ್ಚಬಹುದು. ಈಗ ಪ್ರತಿ ಮಳೆಗಾಲ ಕಲ್ಲೇ ನೆನೆಯುತ್ತದೆ. ತೂತುಗಳಲ್ಲಿರುವ ಮೆತ್ತನೆಯ ಮಣ್ಣು ತೊಳೆದು ಹೋಗಿ ಗಟ್ಟಿ ಅಸ್ಥಿಪಂಜರ ಉಳಿಯುತ್ತದೆ, ಅದರಲ್ಲಿ ಪಾಚಿ ಕೂರುತ್ತದೆ. ಗೋಡೆಗೆ ಮುಖ ಹತ್ತಿರ ತಂದು ನೋಡಿ, ಮುಟ್ಟಬೇಡಿ: ತೂತಿನ ಅಂಚಿನಲ್ಲಿ ಕೆಂಪು ಪುಡಿ, ಒಳಗೆ ಹಸಿರು. ಅಲ್ಲೇ ಪಕ್ಕದಲ್ಲಿ ಕಿಟಕಿ, ಬಾಗಿಲ ಸುತ್ತಿನ ಕಪ್ಪು ಕಲ್ಲು ಮುಂಬೈ ಬಳಿಯ ವಸಾಯಿಯಿಂದ ಹಡಗಿನಲ್ಲಿ ತಂದದ್ದು. ಅದರ ಎಲೆ, ಬಳ್ಳಿ ಇನ್ನೂ ಚೂಪಾಗಿವೆ. ನನ್ನ ಮಟ್ಟಿಗೆ, ಕೆಂಪು ಗೋಡೆ ಫೋಟೊಕ್ಕೆ ಚೆಂದ, ಕಟ್ಟಡಕ್ಕೆ ಶಿಕ್ಷೆ.

ಒಳಗೆ, ಶಿಲುಬೆಯಾಕಾರದ ಕಟ್ಟಡದ ಬಲಗಡೆಯ ತೋಳಿನಲ್ಲಿ ಝೇವಿಯರರ ಗೋರಿ. ಅವರು ತೀರಿಕೊಂಡದ್ದು 1552ರಲ್ಲಿ ಚೀನಾದ ತೀರದ ದ್ವೀಪವೊಂದರಲ್ಲಿ, ದೇಹ ಗೋವಾ ತಲುಪಿದ್ದು 1554ರಲ್ಲಿ. ಎಲ್ಲರ ಕಣ್ಣೂ ಮೇಲಿನ ಬೆಳ್ಳಿ ಪೆಟ್ಟಿಗೆಯ ಮೇಲೆ. ಅದು 1630ರ ದಶಕದಲ್ಲಿ ಗೋವಾದ ಅಕ್ಕಸಾಲಿಗಳು ಮಾಡಿದ್ದು. ಎತ್ತರದಲ್ಲಿರುವುದರಿಂದ ಕೆಳಗೆ ನಿಂತವರಿಗೆ ಹೆಚ್ಚೇನೂ ಕಾಣದು, ಸಣ್ಣ ಬೈನಾಕ್ಯುಲರ್ ಇದ್ದರೆ ಬೆಳ್ಳಿಯ ಮೇಲಿನ ಚಿತ್ರಗಳು ಸಿಗುತ್ತವೆ. ಹತ್ತು ವರ್ಷಕ್ಕೊಮ್ಮೆ ಇಳಿಸಿ ದರ್ಶನಕ್ಕಿಡುತ್ತಾರೆ, ಕಳೆದ ಬಾರಿ 2024ರ ನವೆಂಬರ್‌ನಿಂದ 2025ರ ಜನವರಿವರೆಗೆ.

ಪೆಟ್ಟಿಗೆಯ ಕೆಳಗಿನ ಕಟ್ಟೆಯೇ ಫ್ಲಾರೆನ್ಸ್. ಟಸ್ಕನಿಯ ಗ್ರ್ಯಾಂಡ್ ಡ್ಯೂಕ್, ಮೆದಿಚಿ ಮನೆತನದ ಮೂರನೇ ಕೊಸಿಮೊ ಕೊಟ್ಟ ಕಾಣಿಕೆ. ಸಂತರ ತಲೆ ಇಟ್ಟಿದ್ದ ದಿಂಬನ್ನು ಗೋವಾದ ಜೆಸ್ವಿಟರು (ಝೇವಿಯರರ ಪಂಥದ ಪಾದ್ರಿಗಳು) ಅವನಿಗೆ ಕಳಿಸಿದ್ದಕ್ಕೆ ಪ್ರತಿಯಾಗಿ ಎಂದು ಹೇಳುತ್ತಾರೆ. ಕೆತ್ತಿದವನು ಜೊವಾನ್ನಿ ಬತ್ತಿಸ್ತ ಫೊಜ್ಜಿನಿ, ಮೆದಿಚಿಗಳ ಆಸ್ಥಾನ ಶಿಲ್ಪಿ. ಹತ್ತು ವರ್ಷದ ಕೆಲಸ. ಬಿಡಿ ಭಾಗಗಳು ಹಡಗಿನಲ್ಲಿ ಬಂದವು, ಜೋಡಿಸಲು ಫ್ಲಾರೆನ್ಸ್‌ನಿಂದಲೇ ಪ್ಲಾಚಿದೊ ರಂಪೋನಿ ಬಂದ, 1698ರಲ್ಲಿ ನಿಲ್ಲಿಸಿದರು. ತಲೆ ಎತ್ತಿ ಪೆಟ್ಟಿಗೆ ನೋಡುವ ಗುಂಪಿನಲ್ಲಿ ನೀವು ಕಣ್ಣಿನ ಮಟ್ಟದಲ್ಲೇ ನೋಡಿ. ಬಣ್ಣದ ಗಟ್ಟಿ ಕಲ್ಲುಗಳನ್ನು ಕೂದಲೆಳೆ ಸಂದಿಲ್ಲದೆ ಕೂರಿಸಿದ್ದಾರೆ. ಈ ಕೆಲಸಕ್ಕೆಂದೇ ಮೆದಿಚಿಗಳು ಫ್ಲಾರೆನ್ಸ್‌ನಲ್ಲಿ 1588ರಲ್ಲಿ ಕಾರ್ಖಾನೆ ತೆರೆದಿದ್ದರು. ನಾಲ್ಕು ಬದಿಗೆ ನಾಲ್ಕು ಕಂಚಿನ ಫಲಕ. ಉಪದೇಶ ಮಾಡುವ ಝೇವಿಯರ್, ದ್ವೀಪದಲ್ಲಿ ಸಾಯುವ ಝೇವಿಯರ್. ಮುಂದಿನ ಆಕೃತಿಗಳು ಕಂಚಿನಿಂದ ಹೊರಗೇ ಬಂದಿವೆ, ಹಿಂದಿನವು ಗೆರೆಯಷ್ಟೇ. ಒಂದೇ ಕಡೆ ನಿಂತರೆ ಬೆಳಕು ಕಂಚಿನ ಮೇಲೆ ಹೊಳೆದು ಏನೂ ಕಾಣದು, ಅರ್ಧ ಹೆಜ್ಜೆ ಎಡಕ್ಕೆ ಸರಿಯಿರಿ. ಫ್ಲಾಶ್ ಹಾಕಿದರೆ ಅದೂ ಕೆಡುತ್ತದೆ, ಕಾವಲಿನವರ ಬೈಗುಳವೂ ಸಿಗುತ್ತದೆ. ಪಿಯೆತ್ರೊ ಚರ್ಚು ನೋಡಿದ, ಗೋರಿ ನೋಡಲಿಲ್ಲ, ಎಪ್ಪತ್ತೈದು ವರ್ಷ ಬೇಗ ಬಂದಿದ್ದ.

ನಾಲ್ಕೂವರೆಗೆ ಪಶ್ಚಿಮದ ಗುಡ್ಡ ಹತ್ತಿ. ದಿನದ ಏರು ಇದೊಂದೇ. ಸಂತ ಆಗಸ್ಟೀನ್ ಚರ್ಚಿನ ಅವಶೇಷದಲ್ಲಿ 46 ಮೀಟರಿನ ಗೋಪುರದ ಅರ್ಧ ಮಾತ್ರ ನಿಂತಿದೆ. 1602ರಲ್ಲಿ ಮುಗಿದ ಚರ್ಚನ್ನು 1835ರಲ್ಲಿ ಪಾದ್ರಿಗಳ ಪಂಥಗಳನ್ನು ರದ್ದು ಮಾಡಿದಾಗ ಖಾಲಿ ಮಾಡಿಸಿದರು. ರಿಪೇರಿ ನಿಂತಿತು. 1842ರಲ್ಲಿ ಕಮಾನು ಛಾವಣಿ ಬಿತ್ತು, 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಹೋದವು. ಮುರಕಲ್ಲಿಗೆ ಕೊಡೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೊಂ ಜೇಸುವಿನಿಂದ ಇಲ್ಲಿಗೆ ನಡೆದರೆ ಸಾಕು. ನೆಲದ ಸಮಾಧಿಗಳ ನಡುವೆ ಜಾರ್ಜಿಯಾದ ರಾಣಿ ಕೆತೆವಾನಳ ಅಸ್ಥಿಗಾಗಿ ವರ್ಷಗಟ್ಟಲೆ ಹುಡುಕಿದರು. ಅವಳನ್ನು 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಕೊಂದಿದ್ದರು. ಸಿಕ್ಕ ಮೂಳೆ ಅವಳದ್ದೇ ಇರಬೇಕೆಂದು ಹೈದರಾಬಾದಿನ ಪ್ರಯೋಗಾಲಯ ಡಿಎನ್‌ಎ ಪರೀಕ್ಷೆಯಿಂದ ಹೇಳಿತು, 2021ರಲ್ಲಿ ಜಾರ್ಜಿಯಾಕ್ಕೆ ಒಪ್ಪಿಸಿದರು. ಗೋಡೆ ಹತ್ತುವುದು, ಗೋಪುರದ ಬುಡದಲ್ಲಿ ಕೂರುವುದು ಬೇಡ, ಕಲ್ಲು ಸಡಿಲ.

ಕಾಲಲ್ಲಿ ಬಲ ಉಳಿದಿದ್ದರೆ ಅಲ್ಲಿಂದ ಮುಂದೆ, ಗುಡ್ಡದ ತುದಿಯ ರೋಸರಿ ಚರ್ಚಿಗೆ ಹೋಗಿ. 1540ರ ದಶಕದ್ದು, ಕೋಟೆಯ ಬುರುಜಿನಂತಿದೆ, ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಎದುರಿನ ಕಟ್ಟೆಯಿಂದ ಬೆಳಿಗ್ಗೆ ಹೊರಟ ಹೊಳೆ ಮತ್ತೆ ಕಾಣುತ್ತದೆ.

ಏಳಕ್ಕೆ ಮುಂಚೆ ರಸ್ತೆಗೆ ಇಳಿಯಿರಿ, ಕತ್ತಲಾದಂತೆ ಬಸ್ಸು ಕಡಿಮೆ, ಟ್ಯಾಕ್ಸಿಯವರು ಹೇಳಿದ್ದೇ ದರ. ರಿಬಂದರ್ ಮೇಲೆ ಹೋಗುವ ಬಸ್ಸು ಸಿಕ್ಕರೆ ಬಲಗಡೆ ಕಿಟಕಿ ಹಿಡಿಯಿರಿ. ಪಣಜಿಗೆ ಮುಂಚೆ ಹೊಳೆಯ ಅಂಚಿನಲ್ಲಿ ಮೂರು ಕಿಲೋಮೀಟರು ಸಾಗುವ ಏರಿ 1633–34ರಲ್ಲಿ ಕಟ್ಟಿದ್ದು, ಅದರ ಮೇಲೇ ಬಸ್ಸು ಓಡುತ್ತದೆ. ಪಣಜಿಯಲ್ಲಿ ಇಳಿದವರು ಅಂಕುಡೊಂಕು ಮೆಟ್ಟಿಲುಗಳ ಬಿಳಿ ಚರ್ಚಿನ ಮುಂದೆ ಸ್ವಲ್ಪ ನಿಲ್ಲಿ. ಆಗಸ್ಟೀನ್ ಗೋಪುರದ ಗಂಟೆಯನ್ನು 1871ರಲ್ಲಿ ತಂದು ತೂಗುಹಾಕಿದ್ದು ಅದರ ನೆತ್ತಿಯ ಮೇಲೆ.